ಅದೇ ಆಟವೇ ಇದು? ಹಳೆಯ ವಿಡಿಯೋ ಗೇಮ್, ಹೊಸ ಟಿವಿ ಮತ್ತು ಪ್ರತ್ಯಭಿಜ್ಞೆಯ ಪ್ರಶ್ನೆ

ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಇಂದಿನ ಎಲ್‌ಇಡಿ ಟಿವಿಗೆ ಜೋಡಿಸಿದಾಗ ಪರದೆಯ ಮೇಲೆ ಮೂಡುವುದು ಹಿಂದೆ ಆಡಿದ ಅದೇ ಆಟವೋ, ಅದರಂತೆ ಕಾಣುವ ಇನ್ನೊಂದೋ? ಕೇಳುವುದಕ್ಕೆ ಸಣ್ಣದೆನಿಸಿದರೂ ಈ ಪ್ರಶ್ನೆಯ ಬೇರು ಭಾರತೀಯ ದರ್ಶನಗಳ ಬಹು ಹಳೆಯ ವಾದವೊಂದರಲ್ಲಿದೆ. ಹಿಂದೆ ಕಂಡದ್ದನ್ನು ಕಾಲ ಕಳೆದ ಮೇಲೆ ಮತ್ತೆ ಕಂಡು ‘ಇದು ಅದೇ’ ಎಂದು ಗುರುತಿಸುವ ಅರಿವಿಗೆ ಶಾಸ್ತ್ರಗಳು ಪ್ರತ್ಯಭಿಜ್ಞೆ ಎಂದು ಹೆಸರಿಟ್ಟಿವೆ. ಆ ಅರಿವನ್ನು ನಂಬಬಹುದೇ, ಅದು ಬರಿಯ ಹೋಲಿಕೆಯಿಂದ ಹುಟ್ಟಿದ ಭ್ರಮೆಯೇ ಎಂದು ಮೀಮಾಂಸಕರು, ಬೌದ್ಧರು, ನೈಯಾಯಿಕರು, ವೇದಾಂತಿಗಳು ಶತಮಾನಗಳ ಕಾಲ ವಾದಿಸಿದರು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಅದಕ್ಕೆ ಎರಡು ಗಟ್ಟಿ ಆಸರೆಗಳು ಸಿಗುತ್ತವೆ. ಒಂದು, ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನ. ಇನ್ನೊಂದು, ನೆರೆಯ ಮಾನ್ವಿಯ ಜಗನ್ನಾಥದಾಸರು ಕನ್ನಡದಲ್ಲಿ ಬಿಡಿಸಿ ಹೇಳಿದ ಬಿಂಬ-ಪ್ರತಿಬಿಂಬದ ವಿಚಾರ.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಅದೇ ಯಂತ್ರ 1985ರಲ್ಲಿ ಬೇರೆ ಮೈಕಟ್ಟು ತೊಟ್ಟು ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. 1990ರ ದಶಕದಲ್ಲಿ ಭಾರತದ ಸಣ್ಣ ಪಟ್ಟಣಗಳ ಮನೆಗಳಿಗೆ ‘ಟಿವಿ ಗೇಮ್’ ಎಂದು ಬಂದದ್ದು ಹೆಚ್ಚಾಗಿ ಇದರ ನಕಲುಗಳು. ತೈವಾನಿನ ಯುಎಂಸಿಯಂಥ ಕಂಪನಿಗಳು ನಿಂಟೆಂಡೊ ಯಂತ್ರದ ಚಿಪ್‌ಗಳಂತೆಯೇ ಕೆಲಸ ಮಾಡುವ ಚಿಪ್‌ಗಳನ್ನು ತಯಾರಿಸಿದವು. ಅವನ್ನು ಕೂರಿಸಿದ ಪೆಟ್ಟಿಗೆಗಳು ಹತ್ತಾರು ಹೆಸರಿನಲ್ಲಿ ಬಿಕರಿಯಾದವು. ಪೆಟ್ಟಿಗೆಯ ನೆತ್ತಿಗೆ ಸಿಕ್ಕಿಸುವ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿರುತ್ತಿತ್ತು, ಒಳಗಿರುತ್ತಿದ್ದುದು ಕೆಲವೇ. ಒಂದೇ ಆಟ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಶುರುವಾಗುವಂತೆ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಆ ಕಾಲದಲ್ಲಿ ಆಡಿ ಬೆಳೆದವರು ‘ನಿಜವಾದ ಮಾರಿಯೋ’ ಎಂದು ನೆನಪಿಟ್ಟುಕೊಂಡದ್ದೇ ನಕಲಿ ಯಂತ್ರದಲ್ಲಿ ಓಡಿದ ನಕಲಿ ಪ್ರತಿ. ಹಾಗಾಗಿ ಹೋಲಿಸಿ ನೋಡುವುದಕ್ಕೆ ಒಂದು ಶುದ್ಧ ಮೂಲ ಎಲ್ಲೋ ಇದೆ ಎಂದುಕೊಂಡು ಈ ವಿಚಾರವನ್ನು ಆರಂಭಿಸುವಂತಿಲ್ಲ.

ನಕಲಿಗೂ ಮೂಲಕ್ಕೂ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ಜಪಾನ್ ಮತ್ತು ಅಮೆರಿಕದ ಟಿವಿಗಳು ಎನ್‌ಟಿಎಸ್‌ಸಿ ಪದ್ಧತಿಯವು, ಸೆಕೆಂಡಿಗೆ ಸುಮಾರು 60 ಸಲ ಪರದೆಯನ್ನು ಬರೆಯುತ್ತವೆ. 1982ರಲ್ಲಿ ಬಣ್ಣದ ಪ್ರಸಾರಕ್ಕೆ ಕಾಲಿಟ್ಟ ಭಾರತ ಆಯ್ದುಕೊಂಡದ್ದು ಪಾಲ್ ಪದ್ಧತಿಯನ್ನು. ಅದರಲ್ಲಿ 625 ಗೆರೆ, ಸೆಕೆಂಡಿಗೆ 50 ಸಲ. ಆ ಕಾಲದ ಆಟಗಳ ಪ್ರೋಗ್ರಾಂ ಗಡಿಯಾರ ನೋಡಿ ನಡೆಯುವುದಿಲ್ಲ, ಪರದೆ ಒಮ್ಮೆ ಬರೆದು ಮುಗಿದಾಗಲೆಲ್ಲ ಒಂದು ಹೆಜ್ಜೆ ಮುಂದಿಡುತ್ತದೆ. 60ಕ್ಕೆಂದು ಬರೆದ ಪ್ರೋಗ್ರಾಂ ಪಾಲ್ ಟಿವಿಗೆಂದು ಮಾಡಿದ ನಕಲಿ ಪೆಟ್ಟಿಗೆಯಲ್ಲಿ 50ರ ಲೆಕ್ಕದಲ್ಲಿ ಓಡಿದಾಗ ಆಟದ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಮಾರಿಯೋನ ಓಟ, ಜಿಗಿತ, ಸಂಗೀತದ ನಡೆ ಎಲ್ಲವೂ ಒಂದಿಷ್ಟು ನಿಧಾನವಾಗುತ್ತವೆ. ಟೋಕಿಯೋದ ಮಗುವೂ ಲಿಂಗಸುಗೂರಿನ ಮಗುವೂ ಒಂದೇ ಹೆಸರಿನ ಆಟವನ್ನು ಎರಡು ಲಯದಲ್ಲಿ ಆಡಿದವು, ಇಬ್ಬರಿಗೂ ತಮ್ಮ ಲಯವೇ ಸಹಜ.

ಇನ್ನು ಜೋಡಣೆ. ಹಳೆಯ ಪೆಟ್ಟಿಗೆಯಿಂದ ಚಿತ್ರ ಎರಡು ದಾರಿಯಲ್ಲಿ ಹೊರಗೆ ಬರುತ್ತದೆ. ಮೊದಲನೆಯದು ಆರ್‌ಎಫ್. ಪೆಟ್ಟಿಗೆ ತಾನೇ ಒಂದು ಪುಟ್ಟ ಪ್ರಸಾರ ಕೇಂದ್ರವಾಗಿ ಚಿತ್ರವನ್ನೂ ಧ್ವನಿಯನ್ನೂ ವಿಎಚ್‌ಎಫ್ ಅಲೆಯ ಮೇಲೆ ಹೇರಿ ಕಳಿಸುತ್ತದೆ. ಅದರ ವೈರನ್ನು ಟಿವಿಯ ಆಂಟೆನಾ ಕಿಂಡಿಗೆ ಸಿಕ್ಕಿಸಿ, ಚಾನೆಲ್ ಹುಡುಕುತ್ತ ಹೋದರೆ ಮುಳ್ಳುಮುಳ್ಳಾದ ಪರದೆಯಿಂದ ಆಟ ಎದ್ದು ಬರುತ್ತದೆ. ಎರಡನೆಯದು ಎವಿ, ಹಳದಿ ಪಿನ್ನಿನಲ್ಲಿ ಚಿತ್ರ, ಬಿಳಿ ಅಥವಾ ಕೆಂಪಿನಲ್ಲಿ ಧ್ವನಿ. ಅಲೆಗೆ ಹೇರಿ ಇಳಿಸುವ ಗೋಜಿಲ್ಲದ ಕಾರಣ ಚಿತ್ರ ಹೆಚ್ಚು ತಿಳಿಯಾಗಿರುತ್ತದೆ. ಇತ್ತೀಚಿನ ಟಿವಿಗಳಲ್ಲಿ ಹಳದಿ ಕಿಂಡಿಯನ್ನು ಬಹಳ ಕಡೆ ತೆಗೆದುಹಾಕಲಾಗಿದೆ. ಕೆಲವಲ್ಲಿ ಎವಿ ಸಂಕೇತವನ್ನು ಇಯರ್‌ಫೋನ್ ಕಿಂಡಿಯಂಥ 3.5 ಮಿಲಿಮೀಟರ್ ರಂಧ್ರದಲ್ಲಿ ಕೊಡಬೇಕು, ಅಲ್ಲಿ ವೈರುಗಳ ಸರದಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅದೂ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಬೇಕು. ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಡಬ್ಬಿಯೂ ನೋಡಲು ಹಾಗೆಯೇ ಇರುತ್ತದೆ, ಈ ಕೆಲಸಕ್ಕೆ ಅದು ಬಾರದು. ಕನ್ವರ್ಟರಿಗೆ ಯುಎಸ್‌ಬಿಯಿಂದ 5 ವೋಲ್ಟ್ ಕರೆಂಟ್ ಕೊಟ್ಟು, ಟಿವಿಯ ಚಿತ್ರದ ಅಳತೆಯನ್ನು 16:9ರ ಬದಲು 4:3ಕ್ಕೆ ಇಟ್ಟರೆ ಜೋಡಣೆ ಮುಗಿಯಿತು.

ಚಿತ್ರ ಬರುತ್ತದೆ, ಆದರೆ ಇದ್ದಂತೆಯೇ ಬರುವುದಿಲ್ಲ. ಪಿಕ್ಚರ್ ಟ್ಯೂಬಿನ ಹಳೆಯ ಡಬ್ಬಾ ಟಿವಿಯಲ್ಲಿ ಇಡೀ ಚಿತ್ರ ಯಾವ ಕ್ಷಣದಲ್ಲೂ ಇರುತ್ತಿರಲಿಲ್ಲ. ಇಲೆಕ್ಟ್ರಾನ್ ಕಿರಣದ ಒಂದು ಚುಕ್ಕೆ ಸೆಕೆಂಡಿಗೆ 15,625 ಗೆರೆಗಳಂತೆ ಪರದೆಯನ್ನು ಗೀಚುತ್ತ ಹೋಗುತ್ತಿತ್ತು. ಕೆಳಗಿನ ಗೆರೆ ಬೆಳಗುವ ಹೊತ್ತಿಗೆ ಮೇಲಿನದು ಮಂಕಾಗಿರುತ್ತಿತ್ತು, ಪೂರ್ಣ ಚಿತ್ರ ಕೂಡಿಕೊಳ್ಳುತ್ತಿದ್ದುದು ನೋಡುವವರ ಕಣ್ಣಿನಲ್ಲಿ. ಎಲ್‌ಇಡಿ ಟಿವಿ ಹಾಗಲ್ಲ, ಅದು ಒಂದು ಚಿತ್ರವನ್ನು ಇಡಿಯಾಗಿ ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಮೊದಲು ಹಳೆಯ ಸಂಕೇತವನ್ನು ತನ್ನ ಲೆಕ್ಕಕ್ಕೆ ಹೊಂದಿಸಿಕೊಳ್ಳುತ್ತದೆ, ಅಲ್ಲಿ ತಪ್ಪುತ್ತದೆ. ಪೆಟ್ಟಿಗೆ ಕಳಿಸುವ 240 ಸಾಲಿನ ಪೂರ್ಣ ಚಿತ್ರಗಳನ್ನು ಹೊಸ ಟಿವಿ ಎರಡೆರಡು ಅರ್ಧ ಚಿತ್ರಗಳೆಂದು ತಿಳಿದು ಹೆಣೆಯಲು ಹೋಗುವುದುಂಟು. ನಿಂಟೆಂಡೊ ಯಂತ್ರ ಒಂದು ಗೆರೆಯ ಮೇಲೆ ಚಲಿಸುವ ಆಕೃತಿಗಳ 8 ತುಂಡುಗಳನ್ನು ಮಾತ್ರ ತೋರಿಸಬಲ್ಲದು. ಅದಕ್ಕಿಂತ ಹೆಚ್ಚಾದಾಗ ಪ್ರೋಗ್ರಾಂ ಬರೆದವರು ಸರದಿಯಂತೆ ಒಮ್ಮೆ ಇವನ್ನು, ಒಮ್ಮೆ ಅವನ್ನು ತೋರಿಸಿ ಎಲ್ಲವೂ ಮಿನುಗುತ್ತ ಕಾಣುವಂತೆ ಮಾಡಿದರು. ಹೊಸ ಟಿವಿಯ ಹೆಣಿಗೆಯಲ್ಲಿ ಆ ಮಿನುಗು ಗೆರೆಗೆರೆಯಾಗಿ ಒಡೆಯುತ್ತದೆ, ಕೆಲವೊಮ್ಮೆ ಆಕೃತಿಯೇ ಕಾಣದಾಗುತ್ತದೆ. ಇಷ್ಟೆಲ್ಲ ಬದಲಾದ ಮೇಲೂ ಆಡಿದವರು ಮೊದಲ ನೋಟಕ್ಕೇ ‘ಇದು ಅದೇ’ ಎನ್ನುತ್ತಾರೆ. ವಿವರಿಸಬೇಕಾದದ್ದು ಆ ಮಾತನ್ನು.

ಮೀಮಾಂಸಕರಿಗೆ ಈ ಮಾತು ಅಕ್ಷರಶಃ ಸತ್ಯ. ವೇದದ ನಿತ್ಯತ್ವವನ್ನು ಸಾಧಿಸಲು ಹೊರಟ ಅವರು, ಬಾಯಿಂದ ಹೊರಡುವ ಧ್ವನಿ ಹುಟ್ಟಿ ಸಾಯುತ್ತದೆ, ಅದರಿಂದ ವ್ಯಕ್ತವಾಗುವ ವರ್ಣ ಮಾತ್ರ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದರು. ಶಬರಸ್ವಾಮಿಯ ಭಾಷ್ಯದಲ್ಲಿ ಇದಕ್ಕೊಂದು ಚೊಕ್ಕ ಯುಕ್ತಿ ಇದೆ. ಯಾರಾದರೂ ‘ಗೋ’ ಎಂದು ಎಂಟು ಸಲ ಹೇಳಿದರೆ ಲೋಕದವರು ಗೋ ಶಬ್ದವನ್ನು ಎಂಟು ಸಲ ಉಚ್ಚರಿಸಿದ ಎನ್ನುತ್ತಾರೆಯೇ ಹೊರತು ಎಂಟು ಗೋ ಶಬ್ದಗಳಿವೆ ಎನ್ನುವುದಿಲ್ಲ. ಆಟಕ್ಕೂ ಈ ಲೆಕ್ಕ ಹೊಂದುತ್ತದೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಅಂದರೆ ಒಟ್ಟು 40 ಕಿಲೋಬೈಟ್‌ಗಳ ಒಂದು ಕ್ರಮ. ಆರ್‌ಎಫ್, ಎವಿ, ಎಚ್‌ಡಿಎಂಐ ಎಲ್ಲವೂ ಧ್ವನಿಯ ಸ್ಥಾನದಲ್ಲಿರುವ ವ್ಯಂಜಕಗಳು, ಎಂದರೆ ವ್ಯಕ್ತಗೊಳಿಸುವ ಸಾಧನಗಳು, ಅವು ಕೆಟ್ಟರೆ ಕೆಡುವುದು ಉಚ್ಚಾರಣೆ. ಸಾವಿರ ಹೆಸರಿನ ಕ್ಯಾಸೆಟ್ಟಿನಲ್ಲಿ ಆಟ ಒಂದೇ ಎಂದು ಮಕ್ಕಳು ಬೇಗ ಕಂಡುಕೊಂಡದ್ದೂ ಇದೇ ಬುದ್ಧಿಯಿಂದ. ಆದರೆ ಈ ಉತ್ತರದಲ್ಲಿ ಒಂದು ಕೊರತೆ ಇದೆ. ಮನೆಯಲ್ಲಿ ಯಾರೂ ಬೈಟುಗಳ ಕ್ರಮವನ್ನು ಆಡಿರಲಿಲ್ಲ. ಆಡಿದ್ದು ಆರರಲ್ಲಿ ಐದು ಪಾಲು ವೇಗದ ಓಟವನ್ನು, ಗುಂಡಿ ಒತ್ತಿದಾಗ ಆಗುವ ಜಿಗಿತವನ್ನು. ಉಚ್ಚಾರಣೆಯನ್ನೆಲ್ಲ ಕಳೆದು ಉಳಿಯುವ ಆಟ ಯಾರ ಅನುಭವಕ್ಕೂ ಬಂದಿಲ್ಲ.

ಬೌದ್ಧರು ಎದುರು ದಿಕ್ಕಿನಿಂದ ಬರುತ್ತಾರೆ. ಇರುವುದೆಲ್ಲ ಕ್ಷಣಿಕ, ಪ್ರತಿ ಕ್ಷಣವೂ ಹೊಸದೊಂದು ಹುಟ್ಟಿ ಹಿಂದಿನದರ ಜಾಗದಲ್ಲಿ ನಿಲ್ಲುತ್ತದೆ. ಮಿಲಿಂದಪಞ್ಹ ಎಂಬ ಗ್ರಂಥದಲ್ಲಿ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಹೇಳುವ ದೀಪದ ದೃಷ್ಟಾಂತ ಪ್ರಸಿದ್ಧ. ರಾತ್ರಿಯ ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. 7ನೆಯ ಶತಮಾನದ ಧರ್ಮಕೀರ್ತಿಯ ಪರಂಪರೆ ಇನ್ನೂ ಕಟ್ಟುನಿಟ್ಟು. ಕತ್ತರಿಸಿದ ಮೇಲೆ ಬೆಳೆದ ಕೂದಲನ್ನೂ ಉಗುರನ್ನೂ ‘ಅದೇ’ ಎನ್ನುವುದು ಹೋಲಿಕೆಯಿಂದಾದ ತಪ್ಪು, ಪ್ರತ್ಯಭಿಜ್ಞೆಯೆಲ್ಲ ಅಂಥದೇ ಎಂಬುದು ಅವರ ನಿಲುವು. ಡಬ್ಬಾ ಟಿವಿಯ ಪರದೆ ಈ ವಾದಕ್ಕೆ ಸಾಕ್ಷಿಯಂತಿದೆ; ಅಲ್ಲಿ ನಿಜಕ್ಕೂ ಇದ್ದದ್ದು ಓಡುವ ಒಂದು ಚುಕ್ಕೆ, ಉಳಿದದ್ದು ಕಲ್ಪನೆ. ಇವರನ್ನು ಎದುರಿಸಿದ ನೈಯಾಯಿಕರು, ಅದರಲ್ಲೂ ಆತ್ಮತತ್ತ್ವವಿವೇಕ ಬರೆದ ಉದಯನ, ಬಿಡಿ ಅವಯವಗಳಿಂದ ಬೇರೆಯಾದ ಅವಯವಿ ಎಂಬ ಸಮಗ್ರ ವಸ್ತು ಇದೆ, ಅದು ಕ್ಷಣ ದಾಟಿ ಉಳಿಯುತ್ತದೆ ಎಂದು ಹಿಡಿದರು. ಅದ್ವೈತಿಗಳು ‘ಆ ದೇವದತ್ತನೇ ಈತ’ ಎಂಬ ವಾಕ್ಯವನ್ನು ಬಿಡಿಸುವಾಗ ವಿರುದ್ಧವಾದ ದೇಶ, ಕಾಲಗಳನ್ನು ಬಿಟ್ಟು ಉಳಿದ ವ್ಯಕ್ತಿಮಾತ್ರವನ್ನು ಹಿಡಿದರು. ಆಟದ ವಿಷಯದಲ್ಲಿ ಹೀಗೆ ಬಿಡುತ್ತ ಹೋದರೆ ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯದು. ಪರದೆಯನ್ನು ಬಿಡಬಹುದು, ವೇಗವನ್ನು ಬಿಡಬಹುದು, ಕೈಯ ಆಡುವಿಕೆಯನ್ನು ಬಿಡಬಹುದೇ?

ಈ ವಾದವನ್ನು ಪರೀಕ್ಷಿಸಲು ಮಸ್ಕಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಇಂದು ತಾಲ್ಲೂಕು ಕೇಂದ್ರವಾಗಿರುವ, ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕನ ಕಿರು ಶಾಸನವಿದೆ. ಚಿನ್ನದ ಹುಡುಕಾಟದಲ್ಲಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಕಂಡರು. ಆಗ ಇದು ಹೈದರಾಬಾದ್ ನಿಜಾಮರ ರಾಜ್ಯ. ಎಚ್. ಕೃಷ್ಣಶಾಸ್ತ್ರಿ ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದಾಗ ಶಾಸನಗಳಲ್ಲಿ ಸಿಕ್ಕಿದ್ದು ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳು. ಅವು ಅಶೋಕನವೆಂದು ಹೇಳಲು ಸಿಂಹಳದ ಗ್ರಂಥಗಳ ಆಧಾರ ಬೇಕಾಯಿತು, ಅದು ಅನುಮಾನ ಪ್ರಮಾಣ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು ಇತ್ತು. ‘ಆ ದೇವಾನಂಪಿಯನೇ ಈ ಅಶೋಕ’ ಎಂದು ಗುರುತಿಸಲು ಕಲ್ಲೇ ಸಾಕ್ಷಿಯಾಯಿತು. ಗುಜರ್ರಾ, ನಿಟ್ಟೂರು, ಉದೆಗೋಳಗಳಲ್ಲಿಯೂ ಈ ಹೆಸರು ಮುಂದೆ ಸಿಕ್ಕಿತು. ಭಾರತದ ಇತಿಹಾಸದಲ್ಲಿ ಪ್ರತ್ಯಭಿಜ್ಞೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಇರಲಾರದು.

ಆದರೆ ಮಸ್ಕಿಯ ಶಾಸನ ‘ಅದೇ’ ಶಾಸನವೇ? ಈ ಕಿರು ಶಾಸನ ಬಿಹಾರದ ಸಸಾರಾಮದಿಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯವರೆಗೆ ಹಲವು ಕಡೆ ಇದೆ. ಎರಡೂವರೆ ವರ್ಷದಿಂದ ತಾನು ಉಪಾಸಕನಾಗಿರುವುದು, ಸಂಘವನ್ನು ಸೇರಿ ಹೆಚ್ಚು ಶ್ರಮಿಸಿದ್ದು, ಸಣ್ಣವನೂ ಪ್ರಯತ್ನದಿಂದ ದೊಡ್ಡ ಫಲ ಪಡೆಯಬಲ್ಲನೆಂಬುದು ಅದರ ತಿರುಳು. ಮಾತಿನ ರೂಪ ಊರಿಂದೂರಿಗೆ ಬೇರೆ. ಬ್ರಹ್ಮಗಿರಿಯಲ್ಲಿ ತಂದೆತಾಯಿ, ಗುರುಗಳ ಸೇವೆಯ ಭಾಗ ಸೇರಿದೆ, ಮಸ್ಕಿಯಲ್ಲಿ ಅದು ಇಲ್ಲ. ಬ್ರಹ್ಮಗಿರಿಯ ಪ್ರತಿ ತನ್ನ ದಾರಿಯನ್ನೂ ಹೇಳುತ್ತದೆ. ಆಜ್ಞೆ ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮೂಲಕ ಇಸಿಲದ ಮಹಾಮಾತ್ರರಿಗೆ ಬಂತು, ಚಪಡ ಎಂಬ ಲಿಪಿಕಾರ ಬರೆದ. ಅಶೋಕನಿಗೆ ಈ ವ್ಯತ್ಯಾಸ ಗೊತ್ತಿತ್ತು. ಅವನ 14ನೆಯ ಬಂಡೆ ಶಾಸನ, ತನ್ನ ಬರಹಗಳು ಕೆಲವೆಡೆ ಸಂಕ್ಷಿಪ್ತ, ಕೆಲವೆಡೆ ಮಧ್ಯಮ, ಕೆಲವೆಡೆ ವಿಸ್ತಾರವಾಗಿವೆ, ಲಿಪಿಕಾರರ ತಪ್ಪಿನಿಂದ ಅರೆಕೊರೆಯಾದದ್ದೂ ಇರಬಹುದು ಎಂದು ಒಪ್ಪಿಕೊಳ್ಳುತ್ತದೆ. ಆ ಶಾಸನದ ಒಂದು ಭಾಗ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯಲ್ಲಿ ಸಿಕ್ಕಿದೆ. ಇಷ್ಟು ವ್ಯತ್ಯಾಸವಿದ್ದೂ ಇವೆಲ್ಲ ಅಶೋಕನ ಶಾಸನಗಳೇ. ಹಾಗೆನ್ನಲು ಅಕ್ಷರದ ಹೋಲಿಕೆ ಕಾರಣವಲ್ಲ. ಅರಸನಿಂದ ಆರ್ಯಪುತ್ರನಿಗೆ, ಅಲ್ಲಿಂದ ಮಹಾಮಾತ್ರನಿಗೆ, ಅಲ್ಲಿಂದ ಲಿಪಿಕಾರನಿಗೆ ಇಳಿದ ಆಜ್ಞೆಯ ಸರಪಳಿ ಕಡಿಯದಿರುವುದು ಕಾರಣ.

ಇಲ್ಲಿಂದ ಮಾನ್ವಿಗೆ ಬಂದರೆ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ರಾಯಚೂರು ಸೀಮೆ ಹರಿದಾಸರ ನೆಲ. ಸಿಂಧನೂರಿಗೆ ನೆರೆಯ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809) ಹರಿಕಥಾಮೃತಸಾರದಲ್ಲಿ ಮಧ್ವಮತದ ತತ್ತ್ವಗಳನ್ನು ಭಾಮಿನಿ ಷಟ್ಪದಿಯ ಕನ್ನಡಕ್ಕೆ ಇಳಿಸಿದರು. ಹರಿ ಬಿಂಬ, ಜೀವ ಪ್ರತಿಬಿಂಬ ಎಂಬುದು ಆ ಕೃತಿಯ ಜೀವನಾಡಿ. ಪ್ರತಿಬಿಂಬ ಎಂದೊಡನೆ ಕನ್ನಡಿಯನ್ನು ನೆನೆಯಬಾರದು ಎಂಬುದೇ ಈ ಮತದ ಸೂಕ್ಷ್ಮ. ಇಲ್ಲಿ ಪ್ರತಿಬಿಂಬತ್ವಕ್ಕೆ ಎರಡು ಲಕ್ಷಣ, ಬಿಂಬಕ್ಕೆ ಅಧೀನವಾಗಿರುವುದು ಮತ್ತು ಅದಕ್ಕೆ ಸದೃಶವಾಗಿರುವುದು. ನಡುವೆ ಗಾಜಿನಂಥ ಹೊರಗಿನ ಉಪಾಧಿ ಬೇಕಿಲ್ಲ. ಗಾಜು ಒಡೆದರೆ ಪ್ರತಿಬಿಂಬ ಅಳಿಯುವ ಭಯ ಜೀವನಿಗಿಲ್ಲ.

ಈ ಎರಡು ಲಕ್ಷಣಗಳು ಆಟದ ಪ್ರಶ್ನೆಯನ್ನು ಅಚ್ಚುಕಟ್ಟಾಗಿ ಸೀಳುತ್ತವೆ. ಯಾರೋ ಆಡಿದ ಮಾರಿಯೋ ಆಟದ ವಿಡಿಯೋವನ್ನು ಯೂಟ್ಯೂಬಿನಲ್ಲಿ ನೋಡಿದರೆ ಸಾದೃಶ್ಯ ಪೂರ್ತಿಯಾಗಿದೆ, ಬಣ್ಣ, ವೇಗ, ಸಂಗೀತ ಎಲ್ಲವೂ ಸರಿ. ಆದರೆ ನೋಡುವವರ ಕೈಯಲ್ಲಿರುವ ಗುಂಡಿಗೆ ಆ ಚಿತ್ರ ಅಧೀನವಲ್ಲ, ಅದನ್ನು ಯಾರೂ ‘ಆಡಿದೆ’ ಎನ್ನುವುದಿಲ್ಲ. ಅತ್ತ ಕನ್ವರ್ಟರಿನಿಂದ ಬಂದ ಚಿತ್ರ ಗೆರೆಗೆರೆಯಾಗಿದೆ, ಬಣ್ಣ ಮಾಸಿದೆ, ಸಾದೃಶ್ಯ ಹರಿದುಹೋಗಿದೆ. ಆದರೂ ಪೆಟ್ಟಿಗೆಯಲ್ಲಿ ಏನಾಗುತ್ತದೋ ಅದೇ ಪರದೆಗೆ ಬರುತ್ತದೆ, ಗುಂಡಿ ಒತ್ತಿದರೆ ಮಾರಿಯೋ ಜಿಗಿಯುತ್ತಾನೆ. ಆಡುವವರು ‘ಇದು ಅದೇ’ ಎನ್ನುವುದು ಇದನ್ನು. ಅಂದರೆ ಎರಡರಲ್ಲಿ ಅಧೀನತೆಯೇ ಹಿರಿದು, ಸಾದೃಶ್ಯ ಎರಡನೆಯದು. ಬೌದ್ಧರು ಪ್ರತ್ಯಭಿಜ್ಞೆಯನ್ನು ಹೋಲಿಕೆಯ ಭ್ರಮೆ ಎಂದಾಗ ಈ ಭೇದವನ್ನು ಸಾಕಷ್ಟು ಗಮನಿಸಲಿಲ್ಲ ಎನ್ನಬೇಕು. ಕೂದಲು, ಉಗುರುಗಳಲ್ಲಿ ಇರುವುದು ಹೋಲಿಕೆಯಷ್ಟೇ. ಆಟದಲ್ಲಿ ಗುರುತಿಗೆ ಸಿಗುವುದು ಕೈಗೂ ಪರದೆಗೂ ನಡುವಿನ ಸಂಬಂಧ. ಹಳೆಯ ಡಬ್ಬಾ ಟಿವಿ ಗುಜರಿಗೆ ಹೋದರೂ ಆ ಸಂಬಂಧ ಇನ್ನೊಂದು ಪರದೆಯಲ್ಲಿ ಎದ್ದು ನಿಲ್ಲುತ್ತದೆ.

ಒಂದು ಬಗೆಯ ಆಟ ಮಾತ್ರ ಈ ಉತ್ತರಕ್ಕೆ ಬಗ್ಗುವುದಿಲ್ಲ. ಪೆಟ್ಟಿಗೆಗಳ ಜೊತೆ ಬರುತ್ತಿದ್ದ ಪ್ಲಾಸ್ಟಿಕ್ ಗನ್ನಿನಿಂದ ಬಾತುಕೋಳಿ ಹೊಡೆಯುವ ಡಕ್ ಹಂಟ್ ಅಂಥದು. ಗನ್ನಿನಿಂದ ಏನೂ ಹೊರಗೆ ಹಾರುವುದಿಲ್ಲ, ಅದರ ಮೂತಿಯೊಳಗೆ ಬೆಳಕನ್ನು ಗ್ರಹಿಸುವ ಸಣ್ಣ ಭಾಗವೊಂದಿದೆ. ಕುದುರೆ ಎಳೆದೊಡನೆ ಆಟ ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಮರುಚಿತ್ರದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕವನ್ನು ತೋರಿಸುತ್ತದೆ. ಆ ಒಂದು ಚಿತ್ರದ ಅವಧಿಯೊಳಗೆ ಗನ್ನಿಗೆ ಬೆಳಕು ಕಂಡರೆ ಗುರಿ ತಗಲಿತೆಂದು ಲೆಕ್ಕ. ಅವಧಿ ಸೆಕೆಂಡಿನ ಐವತ್ತನೆಯ ಅಥವಾ ಅರವತ್ತನೆಯ ಒಂದು ಭಾಗ. ಪಿಕ್ಚರ್ ಟ್ಯೂಬ್ ಬಂದ ಸಂಕೇತವನ್ನು ಆ ಕ್ಷಣವೇ ಬರೆಯುತ್ತಿತ್ತು, ಹಾಗಾಗಿ ಲೆಕ್ಕ ಸರಿಹೋಗುತ್ತಿತ್ತು. ಕನ್ವರ್ಟರೂ ಎಲ್‌ಇಡಿ ಟಿವಿಯೂ ಚಿತ್ರವನ್ನು ಹಿಡಿದು ಹದಗೊಳಿಸಿ ತೋರಿಸುವಷ್ಟರಲ್ಲಿ ಪೆಟ್ಟಿಗೆ ಕಾಯುವುದನ್ನು ಬಿಟ್ಟಿರುತ್ತದೆ. ಬಾತುಕೋಳಿಗಳು ಹಿಂದಿನಂತೆಯೇ ಹಾರುತ್ತವೆ, ಒಂದೂ ಬೀಳುವುದಿಲ್ಲ.

ಸಾದೃಶ್ಯ ಇದೆ, ಪರದೆ ಪೆಟ್ಟಿಗೆಗೆ ಅಧೀನವೂ ಆಗಿದೆ, ಆಟ ಮಾತ್ರ ಇಲ್ಲ. ಬಿಂಬ-ಪ್ರತಿಬಿಂಬದ ನ್ಯಾಯ ಇಲ್ಲಿ ನಿಲ್ಲುತ್ತದೆ, ನಿಲ್ಲಲೇಬೇಕು. ಮಧ್ವರ ಹರಿ ಸ್ವತಂತ್ರ, ಜೀವನಿಂದ ಅವನಿಗೆ ಆಗಬೇಕಾದದ್ದು ಏನೂ ಇಲ್ಲ, ಅಧೀನತೆ ಒಂದೇ ದಿಕ್ಕಿನದು. ಗನ್ನಿನ ಆಟದಲ್ಲಿ ಪೆಟ್ಟಿಗೆಯೂ ಪರದೆಗೆ ಅಧೀನ. ತಾನು ಕಳಿಸಿದ ಬೆಳಕು ಗನ್ನಿನ ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ತನಗೆ ಮರಳಿ ಬರಬೇಕು. ಇಂಥ ಪರಸ್ಪರ ಅಧೀನತೆಗೆ ಹೊಂದುವ ಮಾತು ಬೌದ್ಧರಲ್ಲಿದೆ. ಒಂದಿದ್ದರೆ ಇನ್ನೊಂದು, ಒಂದಿಲ್ಲದಿದ್ದರೆ ಇನ್ನೊಂದಿಲ್ಲ ಎಂಬ ಪ್ರತೀತ್ಯಸಮುತ್ಪಾದ. ಇರುವುದೆಂದರೆ ಕೆಲಸ ಸಾಧಿಸಬಲ್ಲದ್ದು, ಅರ್ಥಕ್ರಿಯಾಸಮರ್ಥವಾದದ್ದು ಎಂದ ಧರ್ಮಕೀರ್ತಿಯ ಅಳತೆಗೋಲೂ ಇಲ್ಲಿ ಕರಾರುವಾಕ್ಕಾಗಿ ಅಳೆಯುತ್ತದೆ. ಬೀಳದ ಬಾತುಕೋಳಿ ಅರ್ಥಕ್ರಿಯೆ ತಪ್ಪಿದ ಚಿತ್ರ. ಮಸ್ಕಿಯ ಬಂಡೆಗೂ ಒಂದು ಕಾಲದಲ್ಲಿ ಈ ಗತಿ ಬಂದಿತ್ತು. ಕಳಿಂಗಕ್ಕೆಂದು ಬರೆಸಿದ ಪ್ರತ್ಯೇಕ ಶಾಸನಗಳನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕೆಂದು ಅಶೋಕ ವಿಧಿಸಿದ್ದ. ಬರಹ ಕೇಳುವವರನ್ನು ತಲುಪಿ ಅವರ ನಡೆಯಾಗಿ ಮರಳಬೇಕೆಂಬುದು ಅದರ ಉದ್ದೇಶ. ಮಸ್ಕಿಯಲ್ಲೂ ಬ್ರಾಹ್ಮಿಯನ್ನು ಓದುವವರು ಇಲ್ಲವಾದ ಮೇಲೆ ಅಕ್ಷರಗಳು ಕಲ್ಲಿನಲ್ಲಿ ಇದ್ದಂತೆಯೇ ಇದ್ದವು, ಮರಳುವ ದಾರಿ ಮಾತ್ರ ಮುಚ್ಚಿತ್ತು.

ಗನ್ನಿನ ಆಟವನ್ನು ಇಂದು ನಡೆಸಲು ಎರಡು ಉಪಾಯಗಳುಂಟು. ಒಂದು, ಪಿಕ್ಚರ್ ಟ್ಯೂಬಿನ ಟಿವಿಯನ್ನೇ ಉಳಿಸಿಕೊಳ್ಳುವುದು. ಅಂಥ ಟ್ಯೂಬುಗಳ ತಯಾರಿಕೆ ಜಗತ್ತಿನಲ್ಲಿ ಬಹುಪಾಲು ನಿಂತುಹೋಗಿರುವುದರಿಂದ ಇದಕ್ಕೆ ಮಿತಿಯುಂಟು. ಇನ್ನೊಂದು, ಆಟದ ಪ್ರೋಗ್ರಾಮನ್ನೇ ತಿದ್ದಿ, ಬಿಳಿಯ ಚೌಕಕ್ಕಾಗಿ ಅದು ಇನ್ನಷ್ಟು ಹೊತ್ತು ಕಾಯುವಂತೆ ಮಾಡುವುದು. ಇಂಥ ತಿದ್ದುಪಡಿಗಳು ನಡೆದಿವೆ, ಬಾತುಕೋಳಿಗಳು ಬೀಳುತ್ತವೆ. ಮೀಮಾಂಸಕರು ಇದನ್ನು ಅದೇ ಆಟವೆಂದು ಒಪ್ಪಲಾರರು. ಒಂದು ವರ್ಣ ಬದಲಾದರೂ ಶಬ್ದ ಬೇರೆಯಾಯಿತು. ಊರಿಗೆ ತಕ್ಕಂತೆ ಮಾತನ್ನು ಮೊಟಕಿಸಿಯೂ ಹಿಗ್ಗಿಸಿಯೂ ಬರೆಯಲು ಬಿಟ್ಟ ಅಶೋಕನ 14ನೆಯ ಶಾಸನದ ನ್ಯಾಯದಲ್ಲಿ ನೋಡಿದರೆ, ಅಕ್ಷರವನ್ನು ತಿದ್ದಿದ್ದು ಸಂಬಂಧವನ್ನು ಉಳಿಸಲೆಂದೇ, ಆಟ ಅದೇ. ಎರಡರಲ್ಲಿ ಆಡುವವರ ಅನುಭವಕ್ಕೆ ಹತ್ತಿರವಾದದ್ದು ಎರಡನೆಯ ನಿಲುವು. ಕ್ಯಾಸೆಟ್ಟುಗಳನ್ನು ಸಂಗ್ರಹಿಸಿ ಕಾಪಾಡುವವರಿಗೆ ಬೇಕಾಗುವುದು ಮೊದಲನೆಯದು, ಏಕೆಂದರೆ ತಿದ್ದದ ಪ್ರತಿಯೊಂದು ಉಳಿದಿದ್ದರೆ ಮಾತ್ರ ತಿದ್ದಿದ್ದು ಎಷ್ಟೆಂದು ಹೇಳಲು ಸಾಧ್ಯ.